ಸೀಬೆಮರದ ಕರ್ಚೀಫುಗಳು

ಕಾಂಪೌಂಡಿನಲ್ಲಿ ಸೈಕಲ್ ಬೆಲ್ಲು ಕೇಳಿಸಿದ್ದೇ ತಡ, ರಜನಿ ಬಾಗಿಲ ಕಡೆ ತಿರುಗಿ ನೋಡಿದಳು.

ಎಡಗೈಯಲ್ಲಿ ಪುಟ್ಟ ಕಂದು ಬಾಟಲಿ. ಬಲಗೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಇನ್ನೊಂದಿಷ್ಟು ಎಣ್ಣೆ ಬಿದ್ದರೆ ಬಾಟಲಿ ಮೊದಲಿನ ಮಟ್ಟಕ್ಕೆ ಬರುತ್ತಿತ್ತು.

"ರಜನೀ, ಬಾಗಿಲು ತೆಗೆಯೇ! ಎರಡು ಕೈಯಲ್ಲೂ ಸಾಮಾನಿದೆ!"

ಸುಮತಿ ಚಿಕ್ಕಮ್ಮ! ರಜನಿ ಗಬಗಬನೆ ಎಣ್ಣೆ ಸುರಿದಳು. ಮುಚ್ಚಳ ತಿರುಗಿಸಿ ಬಾಟಲಿಯನ್ನು ಚಿಕ್ಕಮ್ಮನ ಪುಸ್ತಕಗಳ ಹಿಂದೆ ಇಟ್ಟಳು. ಒದ್ದೆಯಾಗಿದ್ದ ಕರ್ಚೀಫನ್ನು ಕಂಪಾಸ್ ಬಾಕ್ಸಿನೊಳಗೆ ತುರುಕಿ ಟಪ್ಪೆಂದು ಮುಚ್ಚಿದಳು. ಆಮೇಲೆ ಓಡಿ ಹೋಗಿ ಬಾಗಿಲು ತೆಗೆದಳು.

ಚಿಕ್ಕಮ್ಮ ಮಳೆಯಲ್ಲಿ ಪೂರ್ತಿ ನೆನೆದಿದ್ದಳು. ಒಂದು ಕೈಯಲ್ಲಿ ಖಾಲಿ ಹಾರ್ಲಿಕ್ಸ್ ಬಾಟಲಿಗಳ ಚೀಲ, ಇನ್ನೊಂದರಲ್ಲಿ ಪುಸ್ತಕಗಳ ಕಟ್ಟು.

"ಏನೇ, ಮುಖ ಹೀಗೆ ಬೆವತಿದೆ?"

"ಶೆಕೆ, ಚಿಕ್ಕಮ್ಮ."

"ಹೊರಗೆ ಮಳೆ ಸುರೀತಾ ಇದೆ, ನಿನಗೆ ಶೆಕೆಯಾ?" ಎಂದು ನಕ್ಕು ಚಿಕ್ಕಮ್ಮ ಮೂರು ಸಲ ಸೀನಿದಳು. ಮಳೆಗಾಲ ಬಂತೆಂದರೆ ಅವಳಿಗೆ ನೆಗಡಿ. ಮೂಗು ಕಟ್ಟಿಕೊಂಡು ಅಡಿಗೆಯ ಒಗ್ಗರಣೆ ವಾಸನೆ ಕೂಡ ತಿಳಿಯುತ್ತಿರಲಿಲ್ಲ.

ತಲೆ ಒರೆಸಿಕೊಂಡು ಅವಳು ನೇರವಾಗಿ ಹೋಗಿದ್ದು ಪುಸ್ತಕದ ಕಪಾಟಿಗೆ. ಕಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಪರವಾಗಿಲ್ಲ, ಇನ್ನೂ ಸುಮಾರಿದೆ," ಎಂದಳು ಚಿಕ್ಕಮ್ಮ.

ಸುಮತಿ ರಜನಿಯ ಅಮ್ಮನ ತಂಗಿ. ಬರೋಡಾದ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದಲು ಮೈಸೂರಿನಿಂದ ಬಂದು ಅಕ್ಕನ ಮನೆಯಲ್ಲೇ ಇದ್ದಳು. ರಜನಿಯ ಅಪ್ಪ ರಾಮಚಂದ್ರ ಅವರಿಗೆ ಕೊಯಾಲಿಯ ಹೊಸ ರಿಫೈನರಿಯಲ್ಲಿ ಕೆಲಸ. ಅಲ್ಲಿ ಕ್ವಾರ್ಟರ್ಸ್ ಸಿಗುವವರೆಗೆ ಎಂದು ಕಾರೇಲಿಬಾಗಿನಲ್ಲಿ ಮಣಿಬಾ ಅವರ ಮನೆಯ ಮೇಲಿನ ಭಾಗವನ್ನು ಬಾಡಿಗೆಗೆ ಹಿಡಿದಿದ್ದರು. ಮಣಿಬಾ ಅವರನ್ನು ಎಲ್ಲರೂ ಗುಜರಾತಿಯಲ್ಲಿ 'ಬಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು.

ಮಣಿಬಾ ಮನೆಯ ಹಿಂದೆ ಮೂರು ಸೀಬೆಮರಗಳಿದ್ದವು. ಅವರ ಯಜಮಾನರು ಬದುಕಿದ್ದಾಗ ನೆಟ್ಟಿದ್ದು. ರಜನಿ ಮೊದಲ ಸಲ ಆ ಮನೆಗೆ ಬಂದಾಗ ಅವಳಿಗೆ ಗುಜರಾತಿಯ ಒಂದು ಶಬ್ದವೂ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಮರದ ಮೇಲಿಂದ ಯಾರೋ ಒಂದು ಹಣ್ಣು ಎಸೆದರು. ತಲೆಯೆತ್ತಿ ನೋಡಿದರೆ ಎರಡು ಜಡೆಯ ಹುಡುಗಿ ಕೊಂಬೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. "ಜಾಮ್‌ಫಳ್!" ಎಂದಳು ಆ ಹುಡುಗಿ, ಹಣ್ಣು ತೋರಿಸಿ. "ಸೀಬೆಹಣ್ಣು!" ಎಂದಳು ರಜನಿ. ಆ ಹುಡುಗಿಯೇ ಹಂಸಾ, ಮಣಿಬಾ ಅವರ ಮೊಮ್ಮಗಳು. ಅವತ್ತಿನಿಂದ ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು.

ಆದರೆ ಹೋದ ವರ್ಷ ಆ ಮರಗಳಿಗೆ ಏನೋ ಆಯಿತು. ಹಣ್ಣು ನೋಡಲು ಚೆನ್ನಾಗಿಯೇ ಇರುತ್ತಿತ್ತು, ಕಚ್ಚಿದರೆ ಒಳಗೆಲ್ಲ ಬಿಳಿ ಹುಳ. ಮಣಿಬಾ ಎಂದಿನಂತೆ ಸೊಸೈಟಿಯ ಎಲ್ಲ ಮನೆಗಳಿಗೂ ಹಣ್ಣು ಹಂಚಿದ್ದರು. ಎದುರು ಮನೆಯವರು ಬುಟ್ಟಿಯನ್ನು ಹಾಗೆಯೇ ವಾಪಸ್ ತಂದಿಟ್ಟು, "ಬಾ, ಬೇಜಾರು ಮಾಡ್ಕೋಬೇಡಿ, ಮಕ್ಕಳು ಹೆದರ್ತಾರೆ," ಎಂದು ಹೋದರು. ಅವತ್ತು ಮಣಿಬಾ ಊಟ ಮಾಡಲಿಲ್ಲವಂತೆ. ಹಂಸಾಳ ಅಪ್ಪ, "ಕಡಿಸಿಬಿಡೋಣ ಬಾ. ಅಲ್ಲೊಂದು ಶೆಡ್ ಹಾಕಿದ್ರೆ ಸ್ಕೂಟರ್ ನಿಲ್ಲಿಸಬಹುದು," ಎನ್ನಲು ಶುರು ಮಾಡಿದರು.

ಆಗ ಸುಮತಿ ಚಿಕ್ಕಮ್ಮ ನಡುವೆ ಬಂದಳು. ಅವಳು ಯೂನಿವರ್ಸಿಟಿಯಲ್ಲಿ ಓದುತ್ತಿದ್ದದ್ದು ಹುಳಹುಪ್ಪಟೆಗಳ ಬಗ್ಗೆಯೇ.

"ಬಾ, ಒಂದು ಮಳೆಗಾಲ ನನಗೆ ಕೊಡಿ. ಹಣ್ಣು ಚೆನ್ನಾಗಿ ಬಂದರೆ ಮರ ಇರಲಿ. ಬರದಿದ್ದರೆ ನಿಮ್ಮಿಷ್ಟ," ಎಂದು ತನ್ನ ಮುರುಕು ಗುಜರಾತಿಯಲ್ಲಿ ಕೇಳಿದಳು. ಮಣಿಬಾ ಒಪ್ಪಿದರು.

ಚಿಕ್ಕಮ್ಮ ಹಾರ್ಲಿಕ್ಸ್ ಬಾಟಲಿಗಳ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಳು. ಮುಚ್ಚಳದ ಒಳಗಡೆ ತಂತಿಗೆ ಹತ್ತಿ ಸುತ್ತಿ ಇಳಿಬಿಟ್ಟಳು. ಹತ್ತಿಗೆ ಕಂದು ಬಾಟಲಿಯ ಸೆಂಟು, ತಳದಲ್ಲಿ ಸೋಪಿನ ನೀರು. ಒಂದೊಂದು ಮರಕ್ಕೆ ಒಂದೊಂದು ಬಾಟಲಿ ಕಟ್ಟಿದಳು.

"ಇದು ಯಾಕೆ ಚಿಕ್ಕಮ್ಮ?" ಎಂದು ರಜನಿ ಕೇಳಿದ್ದಳು.

"ಹಣ್ಣಿನ ನೊಣಕ್ಕೆ. ಹೆಣ್ಣು ನೊಣ ಹಣ್ಣನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಆ ಮೊಟ್ಟೆಯಿಂದ ಬರೋದೇ ನೀನು ನೋಡಿದ ಹುಳ. ಗಂಡು ನೊಣಕ್ಕೆ ಈ ಸೆಂಟ್ ಅಂದ್ರೆ ಪ್ರಾಣ. ಎಲ್ಲಿದ್ರೂ ಹುಡುಕ್ಕೊಂಡು ಬಂದು ಬಾಟಲಿಯೊಳಗೆ ಬೀಳುತ್ತೆ. ಗಂಡೇ ಇಲ್ಲದಿದ್ರೆ ಹೆಣ್ಣು ಇಟ್ಟ ಮೊಟ್ಟೆ ಹುಳ ಆಗಲ್ಲ. ಇನ್ನೊಂದು ಉಪಯೋಗ ಇದೆ. ಬಾಟಲಿಯಲ್ಲಿ ಎಷ್ಟು ಬಿದ್ದಿವೆ ಅಂತ ನೋಡಿದ್ರೆ ತೋಟದಲ್ಲಿ ನೊಣ ಜಾಸ್ತಿ ಇದೆಯೋ ಕಡಿಮೆ ಇದೆಯೋ ಗೊತ್ತಾಗುತ್ತೆ."

ಮೊದಲ ದಿನವೇ ಬಾಟಲಿಯಲ್ಲಿ ಕಂದು ಬಣ್ಣದ, ಹಳದಿ ಪಟ್ಟೆಯ ನೊಣಗಳು ರಾಶಿ ಬಿದ್ದಿದ್ದವು. ರಜನಿಗೆ ಮಾತ್ರ ನೊಣಕ್ಕಿಂತ ಸೆಂಟೇ ಹಿಡಿಸಿತು. ಲವಂಗದ ಹಾಗೆ, ಆದರೆ ಲವಂಗಕ್ಕಿಂತ ಸಿಹಿಯಾದ ಪರಿಮಳ. ಇಷ್ಟು ಒಳ್ಳೇ ಸೆಂಟು ನೊಣಕ್ಕೆ ಯಾಕೆ ಎಂದುಕೊಂಡಳು.

ಆದರೂ ಅವಳು ಅದನ್ನು ಮುಟ್ಟುತ್ತಿರಲಿಲ್ಲ, ಸ್ಕೂಲಿನಲ್ಲಿ ಆ ಮಾತು ಬರದೇ ಹೋಗಿದ್ದರೆ.

ಕ್ಲಾಸಿನ ಪ್ರಜ್ಞಾಳ ಚಿಕ್ಕಪ್ಪನದು ಅತ್ತರಿನ ಅಂಗಡಿ. ಪ್ರಜ್ಞಾ ದಿನಾ ಮಣಿಕಟ್ಟಿಗೆ ಒಂದೊಂದು ಅತ್ತರು ಹಚ್ಚಿಕೊಂಡು ಬರುತ್ತಿದ್ದಳು. ರೆಸೆಸ್‌ನಲ್ಲಿ ಹುಡುಗಿಯರೆಲ್ಲ ಅವಳ ಕೈ ಮೂಸಿ, "ಇವತ್ತು ಗುಲಾಬಿ!" "ಅಲ್ಲ, ಕೇದಗೆ!" ಎಂದು ಕೂಗಾಡುತ್ತಿದ್ದರು. ಒಂದು ದಿನ ರಜನಿಯೂ ಮೂಸಲು ಬಗ್ಗಿದಳು. ಆಗ ಪಕ್ಕದಲ್ಲಿದ್ದ ಹಂಸಾ ಮೂಗು ಹಿಡಿದುಕೊಂಡು ನಗುತ್ತಾ ಹೇಳಿದಳು: "ಏ ರಜನಿ, ಆಚೆ ಸರಿ! ನಿನ್ನ ತಲೆ ಎಣ್ಣೆ ವಾಸನೆ ಮುಂದೆ ಗುಲಾಬಿ ಎಲ್ಲಿ ಗೊತ್ತಾಗುತ್ತೆ?"

ಎಲ್ಲರೂ ನಕ್ಕರು. ರಜನಿಯೂ ನಕ್ಕಳು. ಮನೆಗೆ ಬಂದ ಮೇಲೆ ಮಾತ್ರ ಬಚ್ಚಲಲ್ಲಿ ಕೂತು ಸೀಗೆಪುಡಿ ಹಾಕಿ ತಲೆಯನ್ನು ತಿಕ್ಕಿಯೇ ತಿಕ್ಕಿದಳು.

ಮರುದಿನ ಅವಳ ಕರ್ಚೀಫಿಗೆ ಕಂದು ಬಾಟಲಿಯ ಎರಡು ಹನಿ ಬಿತ್ತು.

ರೆಸೆಸ್‌ನಲ್ಲಿ ಕಂಪಾಸ್ ಬಾಕ್ಸ್ ತೆಗೆದದ್ದೇ, ಪ್ರಜ್ಞಾ ಮೂಗರಳಿಸಿದಳು. "ಕೇವೀ ಸರಸ್ ಸುಗಂಧ್! ಎಂಥ ಒಳ್ಳೇ ಪರಿಮಳ! ಯಾವ ಸೆಂಟ್ ಇದು?"

"ಫಾರಿನ್," ಎಂದುಬಿಟ್ಟಳು ರಜನಿ.

ಅಷ್ಟೇ. ಪ್ರಜ್ಞಾಳ ಕರ್ಚೀಫಿಗೂ ಬೇಕಾಯಿತು. ಇಲಾಳ ಕರ್ಚೀಫಿಗೂ ಬೇಕಾಯಿತು. ಹಂಸಾ, "ನನಗೆ ಬರ್ತ್‌ಡೇಗೆ ಹೊಸ ಕರ್ಚೀಫೇ ಕೊಡಬೇಕು, ಅದಕ್ಕೆ ಎಲ್ಲರಿಗಿಂತ ಜಾಸ್ತಿ ಹಾಕಿರಬೇಕು," ಎಂದಳು. ಎರಡು ಹನಿ ಹೋಗಿ ಹತ್ತು ಹನಿ ಆಯಿತು, ಆಮೇಲೆ ಹನಿ ಲೆಕ್ಕವೇ ಹೋಯಿತು. ಬಾಟಲಿ ಇಳಿದಷ್ಟೂ ರಜನಿ ಕೊಬ್ಬರಿ ಎಣ್ಣೆ ಸೇರಿಸುತ್ತಾ ಬಂದಳು.

ವಾರಕ್ಕೊಮ್ಮೆ ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತಾ ಅದೇ ಬಾಟಲಿಯಿಂದ ಹೊಸ ಹತ್ತಿ ಅದ್ದುತ್ತಿದ್ದಳು. ಮರದ ಬಾಟಲಿಗಳಲ್ಲಿ ನೊಣ ಕಡಿಮೆಯಾಗುತ್ತಾ ಬಂತು. ರಜನಿ ಮೊದಮೊದಲು ಆ ಬಾಟಲಿಗಳ ಕಡೆ ನೋಡುತ್ತಲೇ ಇರಲಿಲ್ಲ. ಆದರೆ ಚಿಕ್ಕಮ್ಮನ ಮುಖ ದಿನದಿನಕ್ಕೆ ಅರಳುತ್ತಿತ್ತು. ಕೊನೆಗೊಂದು ದಿನ ಮೂರೂ ಬಾಟಲಿಗಳಲ್ಲಿ ಬರೀ ಸೋಪಿನ ನೀರು!

"ನೊಣ ಹೋಯ್ತು ಬಾ!" ಎಂದು ಚಿಕ್ಕಮ್ಮ ಬಾಟಲಿ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. "ಈ ಸಲ ಕಾಯಿ ಕೀಳೋದು ಬೇಡ. ಮರದಲ್ಲೇ ಹಳದಿಯಾಗಲಿ."

ಮಣಿಬಾ ಆ ಖಾಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಗಣೇಶ ಚೌತಿಗೆ ಇಡೀ ಸೊಸೈಟಿಗೆ ಹಂಚ್ತೀನಿ. ಎದುರು ಮನೆಗೇ ಮೊದಲ ಬುಟ್ಟಿ," ಎಂದರು.

ರಜನಿಗೆ ಎದೆ ಹಗುರವಾಯಿತು. ನೊಣವೇ ಇಲ್ಲದ ಮೇಲೆ ಸೆಂಟು ಇದ್ದರೇನು, ಹೋದರೇನು?

ಜನ್ಮಾಷ್ಟಮಿಯ ದಿನ ಸ್ಕೂಲಿಗೆ ರಜ. ಅವತ್ತೇ ಹಂಸಾಳ ಬರ್ತ್‌ಡೇ. ಬೆಳಿಗ್ಗೆ ಮಳೆ ನಿಂತು ಎಳೆ ಬಿಸಿಲು ಬಂದಿತ್ತು. ರಜನಿ ಅಂಚಿಗೆ ಗುಲಾಬಿ ದಾರದ ಹೂ ಹಾಕಿದ ಹೊಸ ಕರ್ಚೀಫನ್ನು ಬಾಕ್ಸಿನಿಂದ ತೆಗೆದು ಹಂಸಾಳಿಗೆ ಕೊಟ್ಟಳು.

ಹಂಸಾ ಅದನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಕತ್ತಿನ ಸುತ್ತ ಕಟ್ಟಿಕೊಂಡು, "ಬಾ, ನೋಡಿ, ನಾನು ಹೀರೋಯಿನ್!" ಎಂದು ಮರದ ಕೆಳಗೆ ಗಿರ್ರನೆ ತಿರುಗಿದಳು. ಕಲ್ಲುಬೆಂಚಿನ ಮೇಲೆ ತೊಗರಿಬೇಳೆ ಆರಿಸುತ್ತಿದ್ದ ಮಣಿಬಾ ನಕ್ಕರು. ಚಿಕ್ಕಮ್ಮ ಸ್ಟೂಲಿನ ಮೇಲೆ ನಿಂತು ಬಾಟಲಿ ನೋಡುತ್ತಿದ್ದಳು. ಖಾಲಿ.

ಒಂದು ಕಂದು ನೊಣ ಬಂದು ಹಂಸಾಳ ಕತ್ತಿನ ಹತ್ತಿರ ಕೂತಿತು.

ಹಂಸಾ ಕೈ ಬೀಸಿದಳು. ಅದು ಹಾರಿ ಮತ್ತೆ ಅಲ್ಲೇ ಕೂತಿತು. ಇನ್ನೊಂದು ಬಂತು. ಇನ್ನೆರಡು ಬಂದವು. ಅವು ಎಲ್ಲಿಂದ ಬರುತ್ತಿದ್ದವೋ ಕಾಣುತ್ತಲೇ ಇರಲಿಲ್ಲ. ಎಲೆಗಳ ಸಂದಿಯಿಂದ, ಬೇಲಿಯ ಆಚೆಯಿಂದ, ಗಾಳಿಯಿಂದಲೇ ಹುಟ್ಟಿದ ಹಾಗೆ ಬಂದವು. ನೋಡುನೋಡುತ್ತಾ ಗುಲಾಬಿ ಹೂಗಳು ನೊಣಗಳಡಿ ಮುಚ್ಚಿಹೋದವು.

"ಮಮ್ಮೀ!" ಹಂಸಾ ಕಿರುಚಿದಳು. "ತೆಗೀರಿ! ತೆಗೀರಿ!"

"ಅಲ್ಲಾಡಬೇಡ ಹಂಸಾ! ಕಚ್ಚಲ್ಲ!" ಚಿಕ್ಕಮ್ಮ ಸ್ಟೂಲಿನಿಂದ ಜಿಗಿದು ಬಂದು ಗಂಟು ಬಿಚ್ಚಿದಳು. ನೊಣಗಳು ಹಂಸಾಳನ್ನು ಬಿಟ್ಟು ಕರ್ಚೀಫಿನ ಜೊತೆಗೇ ಹೋದವು. ಹಂಸಾ ಅಳುತ್ತಾ ಒಳಗೆ ಓಡಿದಳು. ಓಡುವಾಗ ಒಮ್ಮೆ ತಿರುಗಿ ರಜನಿಯನ್ನು ನೋಡಿದಳು. ಆ ನೋಟಕ್ಕೆ ರಜನಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಚಿಕ್ಕಮ್ಮ ಕೈಯಲ್ಲಿದ್ದ ಕರ್ಚೀಫನ್ನು ನೋಡಿದಳು. ಮರದ ಮೇಲಿನ ಬಾಟಲಿ ನೋಡಿದಳು. ಮೆಲ್ಲಗೆ ಹೋಗಿ ಮುಚ್ಚಳ ತೆಗೆದು ಒಳಗಿದ್ದ ಹತ್ತಿಯನ್ನು ರಜನಿಯ ಮುಂದೆ ಹಿಡಿದಳು.

"ನನ್ನ ಮೂಗು ಕಟ್ಟಿದೆ. ನೀನು ಮೂಸಿ ಹೇಳು," ಎಂದಳು ಕನ್ನಡದಲ್ಲಿ.

ರಜನಿ ಮೂಸಬೇಕಾಗಿಯೇ ಇರಲಿಲ್ಲ. ಆದರೂ ಮೂಸಿದಳು.

"ಏನು ವಾಸನೆ?"

"ಕೊಬ್ಬರಿ ಎಣ್ಣೆ," ಎಂದಳು.

ಚಿಕ್ಕಮ್ಮ ಮರದ ಕಡೆ ತಿರುಗಿದಳು. ಕೈಗೆಟುಕಿದ ಒಂದು ಹಳದಿ ಹಣ್ಣು ಕಿತ್ತಳು. ಸಿಪ್ಪೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಚುಕ್ಕೆಗಳಿದ್ದವು. ಬಿಡಿಸಿದಳು. ಒಳಗೆ ಬಿಳಿ ಹುಳಗಳು ಮಿಸುಕಾಡುತ್ತಿದ್ದವು. ಇನ್ನೊಂದು ಕಿತ್ತಳು. ಅದರಲ್ಲೂ ಹುಳ.

ಮಣಿಬಾ ಎದ್ದು ಬಂದಿದ್ದರು. "ಇದೇನು ಸುಮತಿಬೆನ್? ನೊಣ ಹೋಯ್ತು ಅಂದೆಯಲ್ಲ?"

ಈಗ ಹೇಳುತ್ತಾಳೆ, ಎಂದುಕೊಂಡಳು ರಜನಿ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಮಾರೀ ಭೂಲ್ ಥಯೀ, ಬಾ," ಎಂದಳು ಚಿಕ್ಕಮ್ಮ. "ನನ್ನ ತಪ್ಪಾಯಿತು. ಸೆಂಟಿನ ಸತ್ವ ಹೋಗಿತ್ತು. ನಾನು ಪರೀಕ್ಷೆ ಮಾಡಿ ನೋಡಲಿಲ್ಲ. ಬಾಟಲಿ ಖಾಲಿ ಇದ್ದದ್ದಕ್ಕೆ ನೊಣ ಇಲ್ಲ ಅಂದುಕೊಂಡುಬಿಟ್ಟೆ."

ಮಣಿಬಾ ಅವಳ ಕೈಯಲ್ಲಿದ್ದ ಹುಳುಕು ಹಣ್ಣನ್ನು ನೋಡುತ್ತಾ ನಿಂತರು. ಬೈಯಲಿಲ್ಲ. "ಬಿಡು ದೀಕರಿ, ಬಿಡು ಮಗಳೇ, ಮರಕ್ಕೂ ವಯಸ್ಸಾಯಿತು," ಎಂದಷ್ಟೇ ಹೇಳಿ ಒಳಗೆ ಹೋದರು. ತೊಗರಿಬೇಳೆಯ ಮೊರ ಬೆಂಚಿನ ಮೇಲೇ ಉಳಿಯಿತು.

ಅವತ್ತು ಮಧ್ಯಾಹ್ನ ಅಮ್ಮ ಗಿರಿಜಾ ಕೃಷ್ಣನಿಗೆಂದು ಮಾಡಿದ ಚಕ್ಕುಲಿಯನ್ನು ರಜನಿ ಮುಟ್ಟಲಿಲ್ಲ. ಚಿಕ್ಕಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಉದುರಿದ ಹಣ್ಣುಗಳನ್ನು ಒಂದೊಂದಾಗಿ ಕೊಯ್ದು ನೋಡುತ್ತಿದ್ದಳು. ರಜನಿ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತಳು.

"ಬೈಯಿ, ಚಿಕ್ಕಮ್ಮ."

"ಬೈದರೆ ನೊಣ ಹೋಗುತ್ತಾ?"

"ಹೊಡಿ ಬೇಕಾದ್ರೆ."

"ಕೈಯೆಲ್ಲ ಹುಳ ಆಗಿದೆ. ಆಮೇಲೆ ನೋಡೋಣ."

ರಜನಿಗೆ ಅಳು ತಡೆಯಲಾಗಲಿಲ್ಲ. ಬಿಕ್ಕುತ್ತಾ ಬಿಕ್ಕುತ್ತಾ ಎಲ್ಲ ಹೇಳಿದಳು. ಪ್ರಜ್ಞಾಳ ಅತ್ತರು, ತಲೆ ಎಣ್ಣೆ ಮಾತು, ಫಾರಿನ್ ಸೆಂಟು, ಎಲ್ಲ. ಚಿಕ್ಕಮ್ಮ ಚಾಕು ಕೆಳಗಿಟ್ಟು ಕೇಳಿದಳು.

"ನನಗೂ ಅಂದಿದ್ರು ಕಣೇ, ಲ್ಯಾಬಿನಲ್ಲಿ. ಮೈಸೂರಿನ ಎಣ್ಣೆ ಬಂತು ಅಂತ."

"ನೀನೇನು ಮಾಡಿದೆ?"

"ಒಂದು ವಾರ ಎಣ್ಣೆ ಹಚ್ಚೋದು ಬಿಟ್ಟೆ. ತಲೆನೋವು ಬಂತು. ಮತ್ತೆ ಹಚ್ಚಿದೆ."

ರಜನಿಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. "ನನ್ನ ತಪ್ಪನ್ನ ನಿನ್ನದು ಅಂತ ಯಾಕೆ ಹೇಳಿದೆ?"

"ನನ್ನದನ್ನ ಮಾತ್ರ ಹೇಳಿದೆ. ಬಾಟಲಿ ಖಾಲಿ ಅಂತ ಖುಷಿಯಾಯ್ತು, ಯಾಕೆ ಖಾಲಿ ಅಂತ ಕೇಳಿಕೊಳ್ಳಲಿಲ್ಲ. ಓದಿದವಳು ನಾನು, ಕೇಳಿಕೊಳ್ಳಬೇಕಿತ್ತು. ನಿನ್ನದು ನಿನ್ನ ಹತ್ತಿರವೇ ಇದೆ, ನಾನು ತೊಗೊಂಡಿಲ್ಲ."

ಚಿಕ್ಕಮ್ಮ ಮತ್ತೆ ಚಾಕು ಎತ್ತಿಕೊಂಡಳು. ಒಂದು ಗಟ್ಟಿ ಹಸಿರು ಕಾಯಿ ಕೊಯ್ದಳು. ಒಳಗೆ ಬೆಳ್ಳಗೆ, ಚೊಕ್ಕಟವಾಗಿತ್ತು. "ನೋಡು, ಎಳೇ ಕಾಯಿಗೆ ಇನ್ನೂ ತಗುಲಿಲ್ಲ. ಈಗಲೇ ನೊಣ ಹಿಡಿದರೆ ಇವಾದರೂ ಉಳೀತವೆ. ಆದರೆ ಸೆಂಟೇ ಇಲ್ಲ. ಹೊಸ ಬಾಟಲಿ ಬಾಂಬೆಯಿಂದ ಬರಬೇಕು, ತಿಂಗಳಾದರೂ ಬೇಕು."

ರಜನಿ ಕಣ್ಣೊರೆಸಿಕೊಂಡಳು. "ಕರ್ಚೀಫಿನಲ್ಲಿ ಇರುತ್ತಲ್ಲ ಚಿಕ್ಕಮ್ಮ? ಹಂಸಾಗೆ ಕೊಟ್ಟದ್ದರಲ್ಲಿ ಇತ್ತಲ್ಲ?"

ಚಿಕ್ಕಮ್ಮ ಅವಳನ್ನೇ ನೋಡಿದಳು. "ಒಟ್ಟು ಎಷ್ಟು ಕರ್ಚೀಫಿಗೆ ಹಾಕಿದ್ದೀಯೇ?"

"ನಂದು, ಹಂಸಾದು, ಪ್ರಜ್ಞಾದು, ಇಲಾದು. ತರ್ತೀನಿ. ಈಗಲೇ ತರ್ತೀನಿ."

ಗೇಟು ದಾಟುವಷ್ಟರಲ್ಲಿ ಮತ್ತೆ ಜಿನುಗು ಮಳೆ. ರಜನಿ ಬಗ್ಗಿಕೊಂಡು ಓಡುತ್ತಿದ್ದಳು. ಹಿಂದಿನಿಂದ ಚಪ್ಪಲಿ ಸದ್ದು ಕೇಳಿಸಿತು. ತಲೆಯ ಮೇಲೆ ಒಂದು ದೊಡ್ಡ ಕಪ್ಪು ಕೊಡೆ ಬಂತು.

"ಇಲಾ ಮನೆ ಗೊತ್ತಾ ನಿನಗೆ?" ಹಂಸಾ. ಅವಳ ಕಣ್ಣು ಇನ್ನೂ ಕೆಂಪಗಿತ್ತು.

"ಇಲ್ಲ."

"ಮತ್ತೆ? ನಡಿ. ಹಿತ್ತಲ ಕಿಟಕಿಯಿಂದ ಎಲ್ಲ ನೋಡಿದೆ, ಇಲಾ ಹೆಸರು ಕೇಳಿಸ್ತು. ನೀನು ಅಳೋದೂ ನೋಡಿದೆ."

ಇಬ್ಬರೂ ಒಂದೇ ಕೊಡೆಯಡಿ ನಡೆದರು.

"ನನಗೆ ಗೊತ್ತಿರಲಿಲ್ಲ ಹಂಸಾ, ನೊಣ ಬರುತ್ತೆ ಅಂತ. ಪ್ರಾಮಿಸ್."

"ಅದು ಸುಮತಿಬೆನ್ ಬಾಟಲಿಯ ಸೆಂಟೇ ಅಲ್ವಾ? ಯಾಕೆ ಕದ್ದೆ?"

"ನೀನೇ ಅಂದೆಯಲ್ಲ, ನನ್ನ ತಲೆ ಎಣ್ಣೆ ವಾಸನೆ ಅಂತ."

"ನಾನಾ? ಯಾವಾಗ?" ಹಂಸಾ ನಿಂತೇಬಿಟ್ಟಳು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ರಜನಿ ಅವಳ ಮುಖ ನೋಡಿದಳು. ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದ ಮಾತು ಅದು.

"ಬಿಡು," ಎಂದಳು. "ಮಳೆ ಜಾಸ್ತಿ ಆಗ್ತಿದೆ."

ಇಲಾಳ ಮನೆಯಲ್ಲಿ ಕೆಲಸ ಆಗಲಿಲ್ಲ. ಅವಳ ಅಮ್ಮ ಕರ್ಚೀಫನ್ನು ಸೋಡಾ ಹಾಕಿ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದರು. ಮೂಸಿದರೆ ಇಸ್ತ್ರಿಪೆಟ್ಟಿಗೆಯ ಬಿಸಿ ವಾಸನೆ ಬಿಟ್ಟು ಏನೂ ಇಲ್ಲ.

ಪ್ರಜ್ಞಾ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕೊಟ್ಟದ್ದನ್ನ ವಾಪಸ್ ಕೇಳ್ತೀಯಾ? ಯಾಕೆ, ಫಾರಿನ್ ಸೆಂಟ್ ಮುಗೀತಾ?"

ಕರ್ಚೀಫನ್ನು ಅಮ್ಮ ವಾಪಸ್ ಕೇಳುತ್ತಿದ್ದಾಳೆ ಎಂದು ಸುಳ್ಳು ಹೇಳಿಬಿಡಲು ರಜನಿ ಬಾಯಿ ತೆರೆದಳು. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಹಂಸಾ ಅವಳತ್ತ ನೋಡಿದಳು.

"ಅದು ಫಾರಿನ್ ಸೆಂಟ್ ಅಲ್ಲ ಪ್ರಜ್ಞಾ," ಎಂದಳು ರಜನಿ. "ನೊಣ ಹಿಡಿಯೋ ಸೆಂಟು. ನಮ್ಮ ಚಿಕ್ಕಮ್ಮನದು. ಕೇಳದೆ ತೆಗೆದಿದ್ದೆ."

ಪ್ರಜ್ಞಾಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ನೊಣದ್ದಾ?" ಎಂದು ಕಿರುಚಿ ಒಳಗೆ ಓಡಿದಳು. ಕರ್ಚೀಫಿಟ್ಟಿದ್ದ ಒಂದು ಬಿಸ್ಕತ್ತಿನ ಡಬ್ಬ ತಂದು ಎರಡು ಬೆರಳಲ್ಲಿ ಹಿಡಿದು ಚಾಚಿದಳು. "ಡಬ್ಬ ಸಮೇತ ತೊಗೊಂಡು ಹೋಗು! ನಾನು ದಿನಾ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಿದ್ದೆ!"

ಬೀದಿಯ ತಿರುವು ದಾಟುವವರೆಗೂ ಇಬ್ಬರೂ ನಗು ತಡೆದುಕೊಂಡರು. ಆಮೇಲೆ ಕೊಡೆ ಒಂದು ಕಡೆ, ಅವರು ಒಂದು ಕಡೆ. ನಕ್ಕು ನಕ್ಕು ಇಬ್ಬರೂ ತೊಯ್ದು ತೊಪ್ಪೆಯಾದರು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಮೂರು ಕರ್ಚೀಫುಗಳನ್ನೂ ಅಂಗೈಯಗಲ ಕತ್ತರಿಸಿದಳು. ಗುಲಾಬಿ ಹೂವಿನದನ್ನು ಕತ್ತರಿಸುವಾಗ ಹಂಸಾ ಮುಖ ಆ ಕಡೆ ತಿರುಗಿಸಿಕೊಂಡಳು. ತುಂಡುಗಳನ್ನು ತಂತಿಗೆ ಕಟ್ಟಿ, ಸೋಪಿನ ನೀರು ಹಾಕಿ, ಬಾಟಲಿಗಳನ್ನು ಮರಕ್ಕೆ ನೇತು ಹಾಕಿದರು.

ನೊಣಗಳು ಬರಲು ಹೊತ್ತೇ ಹಿಡಿಯಲಿಲ್ಲ. ಮುಚ್ಚಳದ ತೂತುಗಳ ಸುತ್ತ ಮುತ್ತಿಕೊಂಡು, ಒಂದರ ಮೇಲೊಂದು ಒಳಗೆ ನುಗ್ಗಿದವು. ಬಿಸಿಲೇರುವ ಹೊತ್ತಿಗೆ ಬಾಟಲಿಯ ತಳ ಕಾಣುತ್ತಿರಲಿಲ್ಲ.

ಮಣಿಬಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ರಜನಿ ಅವರ ಹತ್ತಿರ ಹೋದಳು. ಗುಜರಾತಿಯಲ್ಲಿ ಹೇಗೆ ಹೇಳಬೇಕೆಂದು ರಾತ್ರಿಯೇ ಯೋಚಿಸಿಟ್ಟುಕೊಂಡಿದ್ದಳು. ಈಗ ಎಲ್ಲ ಮರೆತುಹೋಯಿತು.

"ಬಾ, ಸೆಂಟಿನ ಸತ್ವ ತಾನಾಗಿ ಹೋಗಿರಲಿಲ್ಲ. ನಾನು ತೆಗೆದೆ. ತೆಗೆದು ಎಣ್ಣೆ ಹಾಕಿದೆ."

ಮಣಿಬಾ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮರದ ಕಡೆ ನೋಡಿದರು. ಸ್ಟೂಲಿನ ಮೇಲೆ ನಿಂತು ಸೀನುತ್ತಿದ್ದ ಸುಮತಿಯ ಕಡೆ ನೋಡಿದರು.

"ಬಿದ್ದ ಹಣ್ಣು ಹಾಗೇ ಬಿದ್ದಿವೆ," ಎಂದರು ಮಣಿಬಾ ಕೊನೆಗೆ. "ಬಚ್ಚಲಲ್ಲಿ ಬಕೆಟ್ ಇದೆ, ತೊಗೊಂಡು ಬಾ. ನನಗೆ ಬಗ್ಗಕ್ಕಾಗಲ್ಲ. ನೀನು ಆರಿಸು, ನಾನು ಹಿಡ್ಕೋತೀನಿ."

ಹುಳುಕು ಹಣ್ಣು ಆರಿಸುವುದು ಒಂದು ದಿನದ ಕೆಲಸವಾಗಿರಲಿಲ್ಲ. ದಿನಾ ಸ್ಕೂಲಿನಿಂದ ಬಂದ ಮೇಲೆ ರಜನಿ ಮತ್ತು ಹಂಸಾ ಉದುರಿದ್ದನ್ನೆಲ್ಲ ಆರಿಸಿ, ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತಿದ್ದರು. ಚಿಕ್ಕಮ್ಮ ಬಾಟಲಿಯ ನೊಣ ಎಣಿಸುತ್ತಿದ್ದಳು. ಮರದ ಮೇಲಿದ್ದ ಕಾಯಿಗಳಲ್ಲಿ ಕೆಲವನ್ನು ಕಿತ್ತು ಮಣಿಬಾ ಬೆಲ್ಲ ಹಾಕಿ ಗುಜರಾತಿ ಪಲ್ಯ ಶಾಕ್ ಮಾಡಿದರು, ಅಮ್ಮ ಗೊಜ್ಜು ಮಾಡಿದಳು. ಹಂಸಾ ಗೊಜ್ಜಿಗೆ, ರಜನಿ ಶಾಕಿಗೆ ಜಗಳವಾಡಿದರು.

ಚೌತಿಗೆ ಇಡೀ ಸೊಸೈಟಿಗೆ ಸಾಕಾಗುವಷ್ಟು ಹಣ್ಣು ಬರಲಿಲ್ಲ. ಬಂದಷ್ಟನ್ನು ಮಣಿಬಾ ಒಂದೊಂದಾಗಿ ಕೊಯ್ದು ನೋಡಿಯೇ ತಟ್ಟೆಗೆ ಇಟ್ಟರು. ಎದುರು ಮನೆಗೆ ಬುಟ್ಟಿಯ ಬದಲು ಒಂದು ತಟ್ಟೆ ಹೋಯಿತು. ತಟ್ಟೆ ಖಾಲಿಯಾಗಿ ವಾಪಸ್ ಬಂತು. ಹಂಸಾಳ ಅಪ್ಪ ಶೆಡ್ಡಿನ ಮಾತೆತ್ತಿದಾಗ ಮಣಿಬಾ, "ಚಳಿಗಾಲದ ಬೆಳೆ ನೋಡೋಣ, ಸ್ಕೂಟರಿಗೇನು ಅವಸರ?" ಎಂದರು.

ಬಾಂಬೆಯಿಂದ ಹೊಸ ಬಾಟಲಿ ಬಂದಾಗ ಚಿಕ್ಕಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಮೊದಲಿನ ಹಾಗೆ ಪುಸ್ತಕಗಳ ನಡುವೆಯೇ ಇಟ್ಟಳು. ರಜನಿ ಅದನ್ನು ನೋಡಿದಳು. ನೋಡಿ ತನ್ನ ಲೆಕ್ಕದ ಹೋಂವರ್ಕಿಗೆ ಕೂತಳು.

ದೀಪಾವಳಿ ರಜ ಮುಗಿದು ಚಳಿ ಶುರುವಾಯಿತು. ಒಂದು ಬೆಳಿಗ್ಗೆ ಹಂಸಾ ಮೊದಲು ಎದ್ದು ಹಿತ್ತಲಿಗೆ ಹೋಗಿದ್ದಳು. ಅವಳ ಕೂಗಿಗೆ ರಜನಿ ಶಾಲು ಹೊದ್ದುಕೊಂಡೇ ಮೆಟ್ಟಿಲಿಳಿದು ಬಂದಳು.

"ಖಾಲಿ! ರಜನಿ, ಮೂರೂ ಖಾಲಿ! ಒಂದು ನೊಣಾನೂ ಇಲ್ಲ! ನಮ್ಮ ಬಾನ ಕರೀಲಾ?"

"ತಡಿ," ಎಂದಳು ರಜನಿ.

ಸ್ಟೂಲು ಎಳೆದುಕೊಂಡು ಹತ್ತಿದಳು. ಮೊದಲ ಬಾಟಲಿಯ ಮುಚ್ಚಳಕ್ಕೆ ಮೂಗು ಹತ್ತಿರ ತಂದಳು. ಇಳಿದು ಎರಡನೆಯ ಮರಕ್ಕೆ ಹೋದಳು, ಆಮೇಲೆ ಮೂರನೆಯದಕ್ಕೆ. ಹಂಸಾ ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಕಾಯುತ್ತಿದ್ದಳು. ಮೂರರಲ್ಲೂ ಲವಂಗದಂಥ ಸಿಹಿ ಪರಿಮಳ ಗಮ್ಮೆನ್ನುತ್ತಿತ್ತು.

ರಜನಿ ಸ್ಟೂಲಿನ ಮೇಲೇ ನಿಂತು ಒಂದು ಸಲ ಮರದ ತುಂಬ ಇದ್ದ ಕಾಯಿಗಳನ್ನು ನೋಡಿದಳು.

"ಈಗ ಕರಿ," ಎಂದಳು.